ಮೈಸೂರು ಅರಮನೆಯ ವಾದ್ಯವೃಂದಗಳು: ನಿರ್ದೇಶಕರು ಮತ್ತು ಅತಿಥಿ ಕಲಾವಿದರು

ಮೈಸೂರು ಅರಮನೆಯ ವಾದ್ಯವೃಂದಗಳು ಒಡೆಯರ ಆಶ್ರಯದಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಬೆಳೆದ ವಾದ್ಯಮೇಳಗಳು. ಇವುಗಳಲ್ಲಿ ಮುಖ್ಯವಾದವು ಎರಡು. ದೇಶೀಯ ಕೃತಿಗಳನ್ನು ನುಡಿಸುತ್ತಿದ್ದ ಮೇಳ ಕರ್ನಾಟಕ ಬ್ಯಾಂಡು, ಪಾಶ್ಚಾತ್ಯ ಸಂಗೀತದ ಮೇಳ ಇಂಗ್ಲಿಷ್ ಬ್ಯಾಂಡು ಎಂದು ಊರಿನಲ್ಲಿ ಹೆಸರಾಗಿದ್ದವು. ಇವುಗಳ ಬೆನ್ನಿಗೆ ವೀಣೆ, ಪಿಟೀಲು, ಗಾಯನ, ಮೃದಂಗಗಳ ಆಸ್ಥಾನ ವಿದ್ವಾಂಸರ ದೊಡ್ಡ ಬಳಗವಿತ್ತು. ಮುಂಬಯಿಯಂಥ ನಗರದಲ್ಲಿ ವಾದ್ಯವೃಂದ ನಿಂತದ್ದು ಸದಸ್ಯರ ಚಂದಾ ಮತ್ತು ಟಿಕೆಟ್ಟಿನ ಹಣದ ಮೇಲೆ. ಮೈಸೂರಿನಲ್ಲಿ ಅದು ಅರಮನೆಯ ಒಂದು ಇಲಾಖೆ. ಹೀಗಾಗಿ ಮೇಳವನ್ನು ಯಾರು ನಡೆಸಬೇಕು, ಹೊರಗಿನಿಂದ ಯಾರನ್ನು ಕರೆಸಬೇಕು, ಯಾರನ್ನು ಉಳಿಸಿಕೊಳ್ಳಬೇಕು ಎಂಬುದನ್ನೆಲ್ಲ ಮಹಾರಾಜರ ಕಿವಿಯೇ ತೀರ್ಮಾನಿಸುತ್ತಿತ್ತು.

ಹಿನ್ನೆಲೆ

1799ರಲ್ಲಿ ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಮರಳಿದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಕಾಲದಲ್ಲಿ ಆಸ್ಥಾನ ಸಂಗೀತ ಮತ್ತೆ ಚಿಗುರಿತು. ವೀಣೆಯ ಮನೆತನಗಳು ನೆಲೆ ನಿಂತವು. ಮೈಸೂರು ಸದಾಶಿವರಾಯರಂಥ ವಾಗ್ಗೇಯಕಾರರು ಮುಂದಿನ ತಲೆಮಾರನ್ನು ತಯಾರು ಮಾಡಿದರು. ಆದರೆ ಅಂದಿನ ಸಂಗೀತ ಬಹುಮಟ್ಟಿಗೆ ಒಂಟಿ ಕಲಾವಿದನದು. ಹತ್ತಾರು ಜನ ಒಟ್ಟಿಗೆ ಕೂತು ಒಂದೇ ರಚನೆಯನ್ನು ನುಡಿಸುವ ಪದ್ಧತಿಗೆ ಒತ್ತಾಸೆ ಸಿಕ್ಕಿದ್ದು 1881ರಲ್ಲಿ ಅಧಿಕಾರ ಮರಳಿ ಒಡೆಯರ ಕೈಗೆ ಬಂದ ಮೇಲೆ.

ಹತ್ತನೆಯ ಚಾಮರಾಜ ಒಡೆಯರು (1863–1894) ಸ್ವತಃ ಪಿಟೀಲು ನುಡಿಸುತ್ತಿದ್ದರು. ಅರಮನೆಯ ನಾಟಕ ಮಂಡಳಿಯಾದ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭಾ ಹುಟ್ಟಿದ್ದು ಅವರ ಕಾಲದಲ್ಲೇ. ಸಂಸ್ಥಾನವೆಂದ ಮೇಲೆ ದರ್ಬಾರಿಗೆ, ಸವಾರಿಗೆ, ವೈಸರಾಯರಂಥ ಅತಿಥಿಗಳ ಸ್ವಾಗತಕ್ಕೆ ಬ್ಯಾಂಡು ಬೇಕೇ ಬೇಕು. ಕುಶಾಲತೋಪಿನಷ್ಟೇ ಅದೂ ರಾಜಮರ್ಯಾದೆಯ ಗುರುತು. ಆಸ್ಥಾನ ಕವಿ ಬಸವಪ್ಪ ಶಾಸ್ತ್ರಿಗಳು (1843–1891) ಬರೆದ ‘ಕಾಯೌ ಶ್ರೀಗೌರಿ’ ಸಂಸ್ಥಾನದ ಗೀತೆಯಾದಾಗ, ಕನ್ನಡದ ಪದ್ಯವೊಂದು ಬ್ಯಾಂಡಿನ ವಾದ್ಯಗಳಿಗೆ ಒಗ್ಗಿತು. ಮೈಸೂರಿನ ಎರಡು ಸಂಗೀತಗಳು ನಿತ್ಯವೂ ಒಂದಾಗುತ್ತಿದ್ದ ಜಾಗ ಅದು.

ಮೇಳದ ಸ್ವರೂಪ

ಪಾಶ್ಚಾತ್ಯ ವೃಂದದ ಕೆಲಸ ಬರಹದ ಮೇಲೆ ನಿಂತದ್ದು. ಪ್ರತಿ ವಾದ್ಯಕ್ಕೂ ಬೇರೆ ಸ್ವರಪಾಠ, ಅವೆಲ್ಲ ಸೇರಿದಾಗ ಹುಟ್ಟುವ ಸ್ವರಮೇಳ, ಎಲ್ಲರನ್ನೂ ಒಂದು ಹದದಲ್ಲಿ ಹಿಡಿಯಲು ಕೈಯಲ್ಲಿ ಕೋಲು ಹಿಡಿದ ನಿರ್ದೇಶಕ. ಕರ್ನಾಟಕ ಮೇಳದ ಕಷ್ಟ ಬೇರೆ. ಇಲ್ಲಿ ಎಲ್ಲರೂ ನುಡಿಸುವುದು ಒಂದೇ ರಾಗದ ಒಂದೇ ಗತಿ. ಸ್ಥಾಯಿ ಮಾತ್ರ ಮೇಲೆ ಕೆಳಗೆ. ಮನೋಧರ್ಮಕ್ಕೆ ಅಲ್ಲಿ ಎಡೆಯಿಲ್ಲ. ಒಬ್ಬೊಬ್ಬ ವಿದ್ವಾಂಸನೂ ತನ್ನ ಗುರುವಿನ ಪಾಠಾಂತರ ಹಿಡಿದು ಬಂದಿರುತ್ತಾನೆ. ಸಂಗತಿ ಎಷ್ಟು ಹಾಕಬೇಕು, ಗಮಕ ಎಲ್ಲಿ ಅಲುಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಒಬ್ಬರು ಖಚಿತ ಮಾಡದೆ ಹೋದರೆ ಹತ್ತು ವಾದ್ಯಗಳು ಹತ್ತು ದಾರಿ ಹಿಡಿಯುತ್ತವೆ. ಆದ್ದರಿಂದ ಈ ಮೇಳದ ನಿರ್ದೇಶಕ ಮೊದಲು ಪಾಠ ಹೇಳುವ ಗುರು, ಆಮೇಲೆ ತಾಳ ಹಾಕುವವನು.

ಕ್ಲಾರಿನೆಟ್, ಸ್ಯಾಕ್ಸೊಫೋನ್‌ಗಳಂಥ ಕೀಲಿಯ ವಾದ್ಯಗಳಲ್ಲಿ ತೋಡಿ, ಭೈರವಿಯ ಗಮಕ ಎಳೆಯುವುದು ಸುಲಭವಲ್ಲ. ಶಂಕರಾಭರಣ, ಬಿಲಹರಿಯಂಥ ರಾಗಗಳು ಬ್ಯಾಂಡಿಗೆ ಸಲೀಸು. ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ರೂಪಿಸಿದ ಕದನಕುತೂಹಲವಂತೂ ಪಾಶ್ಚಾತ್ಯ ನಡೆಯ ಛಾಯೆ ಹೊತ್ತೇ ಹುಟ್ಟಿದ ರಾಗ. ಬ್ಯಾಂಡಿನ ಧಾಟಿ ಕರ್ನಾಟಕ ಸಂಗೀತದೊಳಕ್ಕೆ ಬಂದದ್ದು ಮೈಸೂರಿನಲ್ಲೇ ಮೊದಲಲ್ಲ. ಮುತ್ತುಸ್ವಾಮಿ ದೀಕ್ಷಿತರು (1775–1835) ಮದರಾಸಿನ ಆಂಗ್ಲ ಬ್ಯಾಂಡಿನಿಂದ ಕೇಳಿದ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿ ‘ನೋಟ್ಟುಸ್ವರ’ಗಳನ್ನು ರಚಿಸಿದ್ದರು. ಮೈಸೂರಿನ ವಿಶೇಷ ಬೇರೆಯದು. ಅಲ್ಲಿ ಎರಡು ಪದ್ಧತಿಗಳು ಒಂದೇ ಸೂರಿನಡಿ, ಒಂದೇ ಖಜಾನೆಯ ಸಂಬಳದಲ್ಲಿ, ಒಂದನ್ನೊಂದು ನುಂಗದೆ ಅರ್ಧ ಶತಮಾನಕ್ಕೂ ಹೆಚ್ಚು ಬಾಳಿದವು.

ನಿರ್ದೇಶಕರು ಮತ್ತು ಮಾರ್ಗದರ್ಶಕರು

ಆರಂಭದ ಇಂಗ್ಲಿಷ್ ಬ್ಯಾಂಡಿನ ಹೊಣೆ ಯುರೋಪಿಯನ್ ಬ್ಯಾಂಡ್ ಮಾಸ್ಟರುಗಳದು. ಡಿ ಫ್ರೀಸ್ ಇವರಲ್ಲಿ ನೆನಪಿನಲ್ಲಿ ಉಳಿದ ಹೆಸರು. ನಾಲ್ವಡಿ ಕೃಷ್ಣರಾಜ ಒಡೆಯರ (1884–1940) ಕಾಲದಲ್ಲಿ ಜರ್ಮನಿಯ ಆಟೊ ಸ್ಮಿತ್ ಪಾಶ್ಚಾತ್ಯ ವೃಂದದ ನೇತೃತ್ವ ವಹಿಸಿದರು. ಸವಾರಿಯ ಬ್ಯಾಂಡು ಕೂತು ಕೇಳುವ ವಾದ್ಯವೃಂದವಾಗಿ ಬೆಳೆದದ್ದು ಈ ಅವಧಿಯಲ್ಲಿ. ಸ್ಥಳೀಯ ವಾದಕರು ಸ್ವರಲಿಪಿ ಓದುವುದನ್ನೂ ಸ್ವರಮೇಳದ ಶಿಸ್ತನ್ನೂ ಕಲಿತರು.

ನಾಲ್ವಡಿಯವರು ಬರೀ ಕೇಳುಗರಲ್ಲ. ವೀಣೆ, ಪಿಟೀಲು, ಕೊಳಲು, ಮೃದಂಗ, ನಾಗಸ್ವರ, ಸಿತಾರ್, ಪಿಯಾನೊ, ಸ್ಯಾಕ್ಸೊಫೋನ್ ಎಂದು ಎಂಟು ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ಇಂಥ ಯಜಮಾನನ ಎದುರು ಅಪಸ್ವರ ಅಡಗುವುದಿಲ್ಲ. ಹೊಸ ಮಟ್ಟಿನ ಬಯಕೆಯೂ ಹೆಚ್ಚಾಗಿ ಅವರಿಂದಲೇ ಬರುತ್ತಿತ್ತು.

ವೀಣೆ ಶೇಷಣ್ಣನವರು (1852–1926) ಯಾವ ಬ್ಯಾಂಡಿನ ಮುಂದೆಯೂ ಕೋಲು ಹಿಡಿದು ನಿಂತವರಲ್ಲ. ಆದರೂ ಅರಮನೆಯ ವಾದ್ಯಸಂಗೀತಕ್ಕೆಲ್ಲ ಅವರೇ ಅಳತೆಗೋಲು. ವೀಣೆಯಲ್ಲಿ ತಾನ, ಸ್ವರಜತಿ, ತಿಲ್ಲಾನಗಳ ನುಡಿಸಾಣಿಕೆಗೆ ಮೈಸೂರು ಬಾನಿಯ ಮುದ್ರೆ ಒತ್ತಿದವರು ಅವರು. ಪಿಯಾನೊ, ಸ್ವರಬತ್ ಮೊದಲಾದ ವಾದ್ಯಗಳೂ ಅವರ ಕೈಗೆ ಒಲಿದಿದ್ದವು. ನಾಲ್ವಡಿಯವರಿಂದ ‘ವೈಣಿಕ ಶಿಖಾಮಣಿ’ ಬಿರುದು ಪಡೆದರು. ಅವರ ಸಮಕಾಲೀನ ವೀಣೆ ಸುಬ್ಬಣ್ಣನವರದು (1861–1939) ಅಷ್ಟೇ ಗೌರವದ ಸ್ಥಾನ.

ಕರ್ನಾಟಕ ಮೇಳದ ದೃಷ್ಟಿಯಿಂದ ಬಹು ಮುಖ್ಯ ಹೆಸರು ವೀಣೆ ವೆಂಕಟಗಿರಿಯಪ್ಪನವರದು (1887–1952). ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ಶೇಷಣ್ಣನವರ ಗರಡಿಯಲ್ಲಿ ಪಳಗಿದ ಅವರು ಶಿಸ್ತಿಗೆ ಹೆಸರಾದವರು. ನಾಲ್ವಡಿಯವರ ಇಚ್ಛೆಯಂತೆ ಅವರು ‘ನಗ್ಮಾ’ ಎಂಬ ಹೊಸ ರಚನಾ ಪ್ರಕಾರವನ್ನು ರೂಪಿಸಿದರು. ಹಿಂದೂಸ್ತಾನಿಯಲ್ಲಿ ತಬಲಾ ವಾದನಕ್ಕೆ ಆವರ್ತದ ಗುರುತಾಗಿ ನುಡಿಸುವ ಮಟ್ಟಿನ ಹೆಸರು ಅದು. ವೆಂಕಟಗಿರಿಯಪ್ಪನವರು ಅದನ್ನು ಸಾಹಿತ್ಯವಿಲ್ಲದ, ಲಯದ ಕಸುವಿನ, ವಾದ್ಯಕ್ಕೆಂದೇ ಹೊಂದಿಸಿದ ಸ್ವತಂತ್ರ ರಚನೆಯಾಗಿಸಿದರು. ಕರ್ನಾಟಕ ಸಂಗೀತದ ರಚನೆಗಳಲ್ಲಿ ಹೆಚ್ಚಿನವು ಹಾಡಲೆಂದು ಹುಟ್ಟಿದವು; ವಾದ್ಯ ಅವನ್ನು ಅನುಸರಿಸುತ್ತದೆ. ವಾದ್ಯಕ್ಕಾಗಿಯೇ ಬರೆಯುವ ಹಂಬಲ ಮೈಸೂರಿನಲ್ಲಿ ಹುಟ್ಟಿದ್ದಕ್ಕೆ ಪಕ್ಕದ ಕೋಣೆಯಲ್ಲಿ ಪಾಶ್ಚಾತ್ಯ ವೃಂದ ಅಭ್ಯಾಸ ಮಾಡುತ್ತಿದ್ದುದೂ ಒಂದು ಕಾರಣವೆಂದು ಊಹಿಸುವುದು ತಪ್ಪಾಗದು. ವೆಂಕಟಗಿರಿಯಪ್ಪನವರ ಶಿಷ್ಯ ವಿ. ದೊರೆಸ್ವಾಮಿ ಅಯ್ಯಂಗಾರ್ಯರು (1920–1997) ಎಳೆಯ ವಯಸ್ಸಿನಲ್ಲೇ ಆಸ್ಥಾನ ಸೇರಿ, ಮುಂದೆ ಆಕಾಶವಾಣಿಯ ಮೂಲಕ ಆ ಬಾನಿಯನ್ನು ನಾಡಿನ ಮನೆಮನೆಗೆ ಮುಟ್ಟಿಸಿದರು.

ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು (1877–1945) 1927ರಲ್ಲಿ ಮೈಸೂರಿಗೆ ಬಂದರು. ಚಾಮುಂಡೇಶ್ವರಿಯ ಅಷ್ಟೋತ್ತರದ 108 ನಾಮಗಳ ಮೇಲೆ ಕನ್ನಡದಲ್ಲಿ ಅವರು ರಚಿಸಿದ ಕೃತಿಗಳು ಆಸ್ಥಾನದ ದೊಡ್ಡ ಯೋಜನೆಗಳಲ್ಲಿ ಒಂದು. ಮಧುರೆ ಮಣಿ ಅಯ್ಯರ್ ಕಛೇರಿಗಳಲ್ಲಿ ಹಾಡಿ ಜನಪ್ರಿಯಗೊಳಿಸಿದ ಶಂಕರಾಭರಣದ ‘ಇಂಗ್ಲಿಷ್ ನೋಟು’ ಕೂಡ ಇವರದೇ ರಚನೆ. ಮೈಸೂರು ವಾಸುದೇವಾಚಾರ್ಯರು (1865–1961) ಅರಮನೆಯ ನೆರವಿನಿಂದ ತಿರುವಯ್ಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಬಳಿ ಕಲಿತು ಬಂದವರು. ತೊಂಬತ್ತರ ಹೊಸ್ತಿಲಲ್ಲಿ ಮದರಾಸಿನ ಕಲಾಕ್ಷೇತ್ರಕ್ಕೆ ಹೋಗಿ ರಾಮಾಯಣ ನೃತ್ಯನಾಟಕಗಳಿಗೆ ಸಂಗೀತ ಕೂಡಿಸಿದರು. ಅವರ ‘ನಾ ಕಂಡ ಕಲಾವಿದರು’ ಆಸ್ಥಾನದ ಸಂಗೀತಗಾರರನ್ನು ಹತ್ತಿರದಿಂದ ನೋಡಿ ಬರೆದ ಪುಸ್ತಕ.

ಗಾಯಕ ಬಿಡಾರಂ ಕೃಷ್ಣಪ್ಪನವರ (1866–1931) ಶಿಷ್ಯರಲ್ಲಿ ಇಬ್ಬರು ವಾದ್ಯಲೋಕಕ್ಕೆ ಬಹಳ ಕೊಟ್ಟರು. ಟಿ. ಚೌಡಯ್ಯನವರು (1895–1967) ದೊಡ್ಡ ಸಭೆಗಳ ಕೊನೆಯ ಸಾಲಿಗೂ ನಾದ ತಲುಪಲಿ ಎಂದು ಪಿಟೀಲಿಗೆ ಏಳು ತಂತಿ ಹೂಡಿದರು. ಬಿ. ದೇವೇಂದ್ರಪ್ಪನವರು (1899–1986) ಗಾಯನದ ಜೊತೆಗೆ ಜಲತರಂಗ, ದಿಲ್‌ರುಬಾ ಮೊದಲಾದ ಹಲವು ವಾದ್ಯಗಳಲ್ಲಿ ನುರಿತವರು.

ಅತಿಥಿ ಕಲಾವಿದರು

ಅತಿಥಿಗಳು ಬರುತ್ತಿದ್ದುದು ಹೆಚ್ಚಾಗಿ ದಸರೆ, ವರ್ಧಂತಿ, ಮದುವೆಗಳ ಕಾಲಕ್ಕೆ. ಮಹಾರಾಜರ ಸಮ್ಮುಖದಲ್ಲಿ ಕಛೇರಿಯಾದ ಮೇಲೆ ಖಿಲ್ಲತ್ತು, ಸಂಭಾವನೆ, ಮೆಚ್ಚುಗೆ ಹೆಚ್ಚಾದರೆ ಬಿರುದು. ಕೆಲವರು ಅಲ್ಲಿಗೆ ಗಂಟು ಕಟ್ಟಿ ಹೊರಡುತ್ತಿದ್ದರು. ಕೆಲವರು ಆಸ್ಥಾನ ಸೇರಿ ಊರಿನವರೇ ಆಗಿಬಿಟ್ಟರು. ಹೀಗಾಗಿ ಮೈಸೂರಿನಲ್ಲಿ ಅತಿಥಿಗೂ ಆಸ್ಥಾನ ವಿದ್ವಾಂಸನಿಗೂ ನಡುವಿನ ಗೆರೆ ತೆಳುವಾದದ್ದು.

ಆಗ್ರಾ ಘರಾಣೆಯ ನತ್ಥನ್ ಖಾನ್ ತಮ್ಮ ಬಾಳಿನ ಕೊನೆಯ ವರ್ಷಗಳನ್ನು ಮೈಸೂರು ಆಸ್ಥಾನದಲ್ಲಿ ಕಳೆದರು. ಅವರ ಶಿಷ್ಯ ಭಾಸ್ಕರಬುವಾ ಬಖಲೆ (1869–1922) ಧಾರವಾಡದ ಟ್ರೈನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸಿದವರು. ನತ್ಥನ್ ಖಾನರ ಮಗ ವಿಲಾಯತ್ ಹುಸೇನ್ ಖಾನ್ (1895–1962) ಕೂಡ ಮುಂದೆ ಮೈಸೂರಿನ ಆಸ್ಥಾನ ಗಾಯಕರಾಗಿದ್ದರು. ಅದೇ ಘರಾಣೆಯ ಫೈಯಾಜ್ ಖಾನ್ (1886–1950) ಬರೋಡೆಯ ಆಸ್ಥಾನ ಗಾಯಕರು. ಅವರ ಹೆಸರಿನೊಂದಿಗೆ ಕೊನೆಯವರೆಗೂ ಅಂಟಿಕೊಂಡ ‘ಆಫ್ತಾಬ್-ಎ-ಮೌಸಿಕಿ’, ಅಂದರೆ ಸಂಗೀತ ಸೂರ್ಯ ಎಂಬ ಬಿರುದು ಬಂದದ್ದು ಮೈಸೂರಿನಿಂದ. ಸಿತಾರ್ ವಾದಕ ಬರ್ಕತುಲ್ಲಾ ಖಾನ್ ಆಸ್ಥಾನದಲ್ಲೇ ನೆಲೆಸಿ, ವೀಣೆಯ ಊರಿಗೆ ಸಿತಾರಿನ ರುಚಿ ಹತ್ತಿಸಿದರು.

ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನ್ (1872–1937) ಮಿರಜಿನಲ್ಲಿದ್ದುಕೊಂಡು ಮೈಸೂರಿಗೆ ಮತ್ತೆ ಮತ್ತೆ ಬಂದವರು. ಇಲ್ಲಿನ ವಿದ್ವಾಂಸರ ಒಡನಾಟದಿಂದ ಕರ್ನಾಟಕ ಸಂಗೀತದ ಸ್ವರಪ್ರಸ್ತಾರದ ಕಡೆ ಒಲಿದರು. ತ್ಯಾಗರಾಜರ ಖರಹರಪ್ರಿಯ ಕೃತಿಯೊಂದನ್ನು ಧ್ವನಿಮುದ್ರಿಸಿದರು. ಹಿಂದೂಸ್ತಾನಿ ಗಾಯನದಲ್ಲಿ ಸರಗಮ್ ಬಳಕೆ ಹರಡಿದ್ದರಲ್ಲಿ ಅವರ ಪಾಲು ದೊಡ್ಡದು. ಆ ಪಾಲಿನಲ್ಲಿ ಮೈಸೂರಿಗೂ ಒಂದು ಅಂಶ ಸಲ್ಲುತ್ತದೆ.

ಕಲ್ಕತ್ತೆಯ ಗೌಹರ್ ಜಾನ್ (1873–1930) ಈ ಪಟ್ಟಿಯಲ್ಲಿ ಎದ್ದು ಕಾಣುವ ಹೆಣ್ಣು ದನಿ. 1902ರಲ್ಲಿ ಗ್ರಾಮೊಫೋನ್ ಕಂಪನಿಗೆ ಹಾಡಿ, ಭಾರತದಲ್ಲಿ ಧ್ವನಿಮುದ್ರಿಕೆಯ ಯುಗವನ್ನು ತೆರೆದವರಲ್ಲಿ ಅವರು ಮೊದಲಿಗರು. ಒಂದು ಕಾಲಕ್ಕೆ ವೈಭವದಲ್ಲಿ ಮೆರೆದ ಅವರನ್ನು 1928ರಲ್ಲಿ ಮೈಸೂರು ಅರಮನೆ ಆಸ್ಥಾನ ಗಾಯಕಿಯಾಗಿ ನೇಮಿಸಿಕೊಂಡಿತು. ಎರಡು ವರ್ಷ ತುಂಬುವ ಮೊದಲೇ, 1930ರ ಜನವರಿ 17ರಂದು ಅವರು ಮೈಸೂರಿನಲ್ಲೇ ತೀರಿಕೊಂಡರು.

ಮೈಸೂರಿನವರು ಅತಿಥಿಗಳಾಗಿ ಹೊರಗೆ ಹೋದದ್ದೂ ಈ ಇತಿಹಾಸದ ಭಾಗವೇ. ಶೇಷಣ್ಣನವರು ದೆಹಲಿಯಲ್ಲಿ ಐದನೆಯ ಜಾರ್ಜ್ ದೊರೆಯ ಎದುರು ನುಡಿಸಿದರು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲೂ ಅವರ ವೀಣೆ ನುಡಿಯಿತು. ಚಕ್ರವರ್ತಿಯ ಸಭೆ, ಅವನ ಆಳ್ವಿಕೆಯನ್ನು ಒಲ್ಲೆನೆಂದವರ ಸಭೆ ಎರಡರಲ್ಲೂ ಅದೇ ಬೆರಳುಗಳು.

ಜಯಚಾಮರಾಜ ಒಡೆಯರು ಮತ್ತು ಲಂಡನ್ನಿನ ವಾದ್ಯವೃಂದ

1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು (1919–1974) ಪಾಶ್ಚಾತ್ಯ ಸಂಗೀತದ ಪರೀಕ್ಷೆಗಳಿಗೆ ಕೂತು ಗೆದ್ದವರು. ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಷಿಯೇಟ್ ಪಡೆದು, 1945ರಲ್ಲಿ ಟ್ರಿನಿಟಿ ಕಾಲೇಜಿನ ಫೆಲೊ ಆದರು. ಪಿಯಾನೊ ವಾದಕರಾಗಬೇಕೆಂಬ ಹಂಬಲವಿದ್ದ ತರುಣನ ಹೆಗಲಿಗೆ ರಾಜ್ಯ ಬಿತ್ತು. ಮುಂದೆ ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಕರ್ನಾಟಕ ಸಂಗೀತದತ್ತ ಹೊರಳಿ, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಇವುಗಳಲ್ಲಿ ಅಪರೂಪದ ರಾಗಗಳೇ ಹೆಚ್ಚು.

ಅವರ ಕಾಲದಲ್ಲಿ ಆಶ್ರಯದ ದಿಕ್ಕು ಬದಲಾಯಿತು. ನಿರ್ದೇಶಕರನ್ನು ಮೈಸೂರಿಗೆ ಕರೆಸುವ ಬದಲು, ಮೈಸೂರಿನ ಹಣ ಲಂಡನ್ನಿನ ವೃಂದವನ್ನು ನುಡಿಸತೊಡಗಿತು. ವಾಲ್ಟರ್ ಲೆಗ್ 1945ರಲ್ಲಿ ಕಟ್ಟಿದ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಯುದ್ಧಾನಂತರದ ಆ ದಿನಗಳಲ್ಲಿ ಕಾಸಿನ ಮುಗ್ಗಟ್ಟು. ಲೆಗ್ ಮೈಸೂರಿಗೆ ಬಂದು ಅರಮನೆಯ ಅಗಾಧ ಧ್ವನಿಮುದ್ರಿಕೆಗಳ ಸಂಗ್ರಹ ಕಂಡು ಬೆರಗಾದರು. ಇನ್ನೂ ಮೂವತ್ತು ದಾಟಿರದ ಮಹಾರಾಜರು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷದ ನೆರವು ಒಪ್ಪಿಕೊಂಡರು. ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ.

ಆ ಹಣದಿಂದ ಏನಾಯಿತು ಎಂಬುದು ಸಂಗೀತ ಚರಿತ್ರೆಯಲ್ಲಿ ದಾಖಲಾಗಿದೆ. ರಷ್ಯದಿಂದ ಹೊರಟು ಲಂಡನ್ನಿನಲ್ಲಿ ನೆಲೆಸಿ, ಕಾಯಿಲೆಯಿಂದ ಕುಗ್ಗಿ, ಮರೆವಿಗೆ ಸಂದಿದ್ದ ಸಂಯೋಜಕ ನಿಕೊಲಾಯ್ ಮೆಟ್ನರ್ (ನಿಧನ 1951) ತಮ್ಮ ರಚನೆಗಳನ್ನು ತಾವೇ ಪಿಯಾನೊದಲ್ಲಿ ನುಡಿಸಿ ಮುದ್ರಿಸುವಂತಾಯಿತು. ಮಹಾರಾಜರು ಸ್ಥಾಪಿಸಿದ ಮೆಟ್ನರ್ ಸೊಸೈಟಿ ಅದಕ್ಕೆ ಆಸರೆ. ವೃಂದವನ್ನು ನಡೆಸಿದವರು ಇಸಾಯ್ ಡೊಬ್ರೊವೆನ್ ಮತ್ತು ಜಾರ್ಜ್ ವೆಲ್ಡನ್. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. 1949ರಲ್ಲಿ ಹರ್ಬರ್ಟ್ ಫಾನ್ ಕರಾಯಾನ್ ಫಿಲ್‌ಹಾರ್ಮೋನಿಯಾ ಜೊತೆ ಬಾಲಕಿರೆವ್ ಮತ್ತು ರೂಸೆಲ್‌ರ ಸಿಂಫನಿಗಳನ್ನು ಮುದ್ರಿಸಿದ್ದೂ ಮಹಾರಾಜರ ಅಭಿರುಚಿಯ ಫಲ. ಹೆಚ್ಚು ಜನ ಕೇಳದ ಕೃತಿಗಳವು. ಮಾರುಕಟ್ಟೆಯ ಲೆಕ್ಕ ಹಾಕಿದ್ದರೆ ಆಗ ಮುದ್ರಣವಾಗುವುದು ಕಷ್ಟವಿತ್ತು.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ರ ‘ನಾಲ್ಕು ಕೊನೆಯ ಹಾಡುಗಳು’ ಮೊದಲ ಬಾರಿಗೆ ಸಭೆಗೆ ಕೇಳಿದವು. ಹಾಡಿದವರು ನಾರ್ವೆಯ ಕರ್ಸ್ಟೆನ್ ಫ್ಲಾಗ್‌ಸ್ಟಾಡ್. ಫಿಲ್‌ಹಾರ್ಮೋನಿಯಾವನ್ನು ನಡೆಸಿದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಸ್ಟ್ರಾಸ್ ತೀರಿಕೊಂಡು ಎಂಟು ತಿಂಗಳಾಗಿತ್ತು. ಕಾರ್ಯಕ್ರಮಕ್ಕೆ 4,800 ಡಾಲರುಗಳ ಖಾತರಿ ಕೊಟ್ಟವರು ಜಯಚಾಮರಾಜ ಒಡೆಯರು. ಅವರು ಅಲ್ಲಿಗೆ ಹೋಗಲಾಗಲಿಲ್ಲ. ಕಾರ್ಯಕ್ರಮದ ಮುದ್ರಣ ಮೈಸೂರಿನ ತಮ್ಮ ಸಂಗ್ರಹಕ್ಕೆ ಬರಬೇಕೆಂಬುದಷ್ಟೇ ಅವರ ಅಪೇಕ್ಷೆ.

ಮುಂಬಯಿಯೊಂದಿಗೆ ಹೋಲಿಕೆ

ಇದೇ ಕಾಲದ ಮುಂಬಯಿ ಬೇರೆ ದಾರಿ ಹಿಡಿದಿತ್ತು. 1935ರಲ್ಲಿ ಪಾರ್ಸಿ ಪಿಟೀಲುಗಾರ ಮೆಹ್ಲಿ ಮೆಹ್ತಾ (1908–2002) ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದರು. ಬೆಲ್ಜಿಯಂನ ಜೂಲ್ಸ್ ಕ್ರೇನ್ ಅದರ ನಿರ್ದೇಶಕರಾದರು. ನಾಜಿಗಳ ಕಾಲದಲ್ಲಿ ಯುರೋಪಿನಿಂದ ಬಂದ ವಾಲ್ಟರ್ ಕೌಫ್‌ಮನ್ ಬಾಂಬೆ ಚೇಂಬರ್ ಮ್ಯೂಸಿಕ್ ಸೊಸೈಟಿ ಸ್ಥಾಪಿಸಿದರು. ಆಕಾಶವಾಣಿಯ ಬೆಳಗಿನ ಗುರುತಿನ ರಾಗ ಅವರ ರಚನೆಯೇ. 1952ರಲ್ಲಿ ಯೆಹೂದಿ ಮೆನುಹಿನ್ ಮುಂಬಯಿಗೆ ಬಂದು ನುಡಿಸಿದರು. ಗೋವೆಯ ವಾದಕರು ಹಗಲು ಸಿನಿಮಾ ಸ್ಟುಡಿಯೊಗಳಲ್ಲಿ, ಸಂಜೆ ಸಿಂಫನಿಯಲ್ಲಿ ನುಡಿಸಿದರು. ಮೆಹ್ಲಿಯವರ ಮಗ ಜುಬಿನ್ ಮೆಹ್ತಾ ಜಗತ್ತಿನ ದೊಡ್ಡ ನಿರ್ದೇಶಕರಾಗಿ ಬೆಳೆದರು. 2006ರಲ್ಲಿ ಅಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಹುಟ್ಟಿತು. ಮುಂಬಯಿಯ ವೃಂದಗಳು ಹಣವಿಲ್ಲದಾಗ ಸೊರಗಿ, ಜನ ಸಿಕ್ಕಾಗ ಚೇತರಿಸಿಕೊಂಡವು. ಮೈಸೂರಿನ ಮೇಳಕ್ಕೆ ಸಂಬಳದ ಭದ್ರತೆ ಇತ್ತು, ಆದರೆ ಆಶ್ರಯದಾತ ಒಬ್ಬನೇ. ಅವನ ಅಧಿಕಾರ ಮುಗಿದ ದಿನ ಮೇಳಕ್ಕೆ ಬೇರೆ ನೆಲೆ ಹುಡುಕಬೇಕಾಯಿತು.

ನಂತರದ ದಿನಗಳು

ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ ವಿದ್ವಾಂಸರು ಆಕಾಶವಾಣಿ, ಕಾಲೇಜು, ಸಭೆಗಳ ಕಡೆ ಚದುರಿದರು. ‘ಆಕಾಶವಾಣಿ’ ಎಂಬ ಹೆಸರೂ 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ಬಾನುಲಿ ಕೇಂದ್ರದ್ದೇ. ಜಯಚಾಮರಾಜರ ಸೋದರಿ ವಿಜಯಾದೇವಿಯವರು (1922–2005) ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಕಟ್ಟಿ ಎರಡೂ ಪದ್ಧತಿಗಳ ಕಛೇರಿಗಳನ್ನು ನಡೆಸಿದರು. ಅರಮನೆಯ ಬ್ಯಾಂಡುಗಳ ಪರಂಪರೆ ರಾಜ್ಯ ಪೊಲೀಸ್ ಇಲಾಖೆಗೆ ಸೇರಿತು. ದಸರೆಯಲ್ಲಿ ಅರಮನೆಯ ಮುಂದೆ ನಡೆಯುವ ಪೊಲೀಸ್ ವಾದ್ಯವೃಂದದ ಕಾರ್ಯಕ್ರಮದಲ್ಲಿ ಕರ್ನಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಎಂಬ ಹಳೆಯ ವಿಂಗಡಣೆಯೇ ಈಗಲೂ ಕೇಳಿಬರುತ್ತದೆ.

ಈ ಮೇಳದ ಪ್ರಭಾವವನ್ನು ಅದರ ನಿರ್ದೇಶಕರಿಂದ ಮಾತ್ರ ಅಳೆಯಲಾಗದು. ದಕ್ಷಿಣ ಕನ್ನಡದ ನಾಗಸ್ವರ ವಾದಕರ ಮನೆಯ ಹುಡುಗನೊಬ್ಬ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದರ ಬೆನ್ನು ಹತ್ತಿದ. ಸುಮಾರು ಇಪ್ಪತ್ತು ವರ್ಷ ಶ್ರಮಿಸಿ, ಕೀಲಿಯ ಆ ವಾದ್ಯದಲ್ಲಿ ಗಮಕ ಎಳೆಯುವ ದಾರಿ ಕಂಡುಕೊಂಡ. ಆ ಹುಡುಗನೇ ಕದ್ರಿ ಗೋಪಾಲನಾಥ್ (1949–2019). 1994ರಲ್ಲಿ ಬಿಬಿಸಿಯ ಪ್ರೊಮೆನೇಡ್ ಸಂಗೀತೋತ್ಸವಕ್ಕೆ ಆಹ್ವಾನ ಪಡೆದ ಮೊದಲ ಕರ್ನಾಟಕ ಸಂಗೀತಗಾರ ಅವರು. ಅವರು ನುಡಿಸಿದ್ದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ನಲವತ್ತನಾಲ್ಕು ವರ್ಷಗಳ ಹಿಂದೆ ಮೈಸೂರಿನ ಹಣದ ಖಾತರಿಯಲ್ಲಿ ಸ್ಟ್ರಾಸ್‌ರ ಕೊನೆಯ ಹಾಡುಗಳು ಕೇಳಿದ್ದೂ ಅಲ್ಲೇ.